ಕಾರಿನ ಹಾಡು ಕಾರಿನೊಳಗಿರಲಿ

ನಮ್ಮ ಸುಂಕಸಾಳದಲ್ಲಿ ಕೆಲವು ಕಾರುಗಳು ಕಣ್ಣಿಗೆ ಬೀಳುವ ಮೊದಲೇ ಎದೆಗೆ ಬಡಿಯುತ್ತವೆ. ಅಂಕೋಲಾ-ಹುಬ್ಬಳ್ಳಿ ಹೆದ್ದಾರಿಯಲ್ಲಿ ಹಾಡು ಮುಂದೆ, ವಾಹನ ಹಿಂದೆ. ಅದು ದಾಟುವವರೆಗೆ ನಾನು ಪಾಠ ನಿಲ್ಲಿಸಬೇಕು. ಕೇಳಿದರೆ, "ನಮ್ಮ ಕಾರು, ನಮ್ಮ ದುಡ್ಡು." ದುಡ್ಡು ನಿಮ್ಮದೇ ಸ್ವಾಮಿ, ಕಿವಿ ನಮ್ಮದು.

ಆ ದುಡ್ಡಿನ ಲೆಕ್ಕವನ್ನೇ ನೋಡೋಣ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಬಹುಮಟ್ಟಿಗೆ ಕ್ಷಣಮಾತ್ರದ್ದು. ನಿರಂತರವಾಗಿ ಸಿಗುವುದು ಆರ್‌ಎಂಎಸ್ ಎಂದು ಬರೆದಷ್ಟೇ. 40 ವ್ಯಾಟಿನ ಬದಲು 400 ಹಾಕಿಸಿದರೂ ಕಿವಿಗೆ ಶಬ್ದ ಸುಮಾರು ಎರಡು ಪಟ್ಟಾಗುತ್ತದೆ, ಹತ್ತು ಪಟ್ಟಲ್ಲ. ಹಾಡು ಚೆನ್ನಾಗಿರಬೇಕೆಂದರೆ ಬಾಗಿಲಿನ ತಗಡಿಗೆ ಕಂಪನ ತಡೆಯುವ ಹಾಳೆ ಅಂಟಿಸಿ, ಸ್ಪೀಕರನ್ನು ಅಲುಗದಂತೆ ಬಿಗಿಸಿ, ಆಂಪ್ಲಿಫೈಯರಿನ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ. ಡಿಕ್ಕಿ ತುಂಬುವ ಸಬ್‌ವೂಫರ್ ಕೇಳುವುದಕ್ಕಲ್ಲ, ಊರಿಗೆ ಕೇಳಿಸುವುದಕ್ಕೆ.

ಯಕ್ಷಗಾನದ ಚೆಂಡೆಯೂ ಗದ್ದೆಯಾಚೆ ಕೇಳುವುದಿಲ್ಲವೇ ಎಂದು ವಾದಿಸುವವರಿದ್ದಾರೆ. ಚೆಂಡೆ ಆಟಕ್ಕೆ ಬನ್ನಿ ಎಂದು ಕರೆಯುತ್ತದೆ. ಈ ಡಬಡಬ ಯಾರನ್ನು ಕರೆಯುತ್ತದೆ?

ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು 2000ದ ಶಬ್ದಮಾಲಿನ್ಯ ನಿಯಮದಲ್ಲಿ ಅವಕಾಶವಿದೆ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಮಕ್ಕಳ ಮಗ್ಗಿಗೆ ಗೌರವ ಕೊಡಲು ಘೋಷಣೆಯ ಫಲಕವೇ ಬೇಕೇ? ನಿಮ್ಮ ಜೀವಕ್ಕಾದರೂ ಹೆದರಿ: ಅರಬೈಲು ಘಟ್ಟದ ತಿರುವಿನಲ್ಲಿ ಎದುರು ಬರುವ ಲಾರಿಯ ಹಾರ್ನು ಕೇಳಿಸಬೇಕು.

ಅಂಗಡಿಯವನಿಗೆ ಹಣ ಎಣಿಸುವ ಮೊದಲು ಗಾಜು ಏರಿಸಿ, ಹಾಡು ಹಚ್ಚಿ, ಹತ್ತು ಹೆಜ್ಜೆ ದೂರ ನಿಲ್ಲಿ. ಏನೂ ಕೇಳದಿದ್ದರೆ ವ್ಯಾಪಾರ ಮುಗಿಸಿ.