ಕನ್ನಡ ಚಿತ್ರಕ್ಕೆ ಕನ್ನಡ ಅಕ್ಷರವೇ ಬೇಡವಾಯಿತೆ?

ಕನ್ನಡ ಚಿತ್ರಗಳಿಗೆ ಪ್ರೇಕ್ಷಕರಿಲ್ಲವೆಂಬ ಗೋಳು ನಮಗೆ ಹೊಸದಲ್ಲ. ಗಡಿನಾಡಿನವರಾದ ನಮ್ಮ ಮೇಲಂತೂ ಈ ಆಪಾದನೆ ತುಸು ಜೋರಾಗಿಯೇ ಬೀಳುತ್ತದೆ: ಬೀದರಿನವರು ಹಿಂದಿ ನೋಡುತ್ತಾರಂತೆ, ಭಾಲ್ಕಿ ಔರಾದಗಳವರು ಮರಾಠಿ ತೆಲುಗು ನೋಡುತ್ತಾರಂತೆ. ಇರಲಿ. ಆದರೆ ಕನ್ನಡ ಚಿತ್ರವನ್ನೇ ನೋಡಬೇಕೆಂದು ಮನೆಯಲ್ಲಿ ಕಾದು ಕುಳಿತವರನ್ನು ನಮ್ಮ ಚಿತ್ರೋದ್ಯಮವೇ ಹೊರಗಿಟ್ಟಿದೆಯಲ್ಲ, ಆ ಮಾತನ್ನು ಯಾರೂ ಎತ್ತುವುದಿಲ್ಲ. ನಾನು ಹೇಳುತ್ತಿರುವುದು ಕಿವುಡರ ವಿಷಯ. 2011ರ ಜನಗಣತಿಯಂತೆ ಭಾರತದಲ್ಲಿ ಕಿವಿ ಕೇಳದವರು 50 ಲಕ್ಷಕ್ಕೂ ಹೆಚ್ಚು. ಮುಪ್ಪಿನಲ್ಲಿ ಕಿವಿ ಮಂದವಾಗಿ, ಅದನ್ನು ಯಾರ ಮುಂದೆಯೂ ಹೇಳಿಕೊಳ್ಳದೆ ಕುಳಿತವರೆಲ್ಲ ಆ ಲೆಕ್ಕಕ್ಕೆ ಸಿಕ್ಕಿರಲಾರರು.

ಭಾಲ್ಕಿಯಲ್ಲಿರುವ ನನ್ನ ಸೋದರಮಾವ ಅಂಥವರಲ್ಲೊಬ್ಬರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಟೀವಿಯ ಮುಂದೆ ಕುಳಿತು ಓಟಿಟಿಯಲ್ಲಿ ಹೊಸ ಚಿತ್ರ ಹಚ್ಚುತ್ತಾರೆ. ಎಲ್ಲರೂ ನಕ್ಕಾಗ ಮಾಮಾ, “ಏನಂದಾ ಅಂವ?” ಎಂದು ಕೇಳುತ್ತಾರೆ. “ಆಮ್ಯಾಲ ಹೇಳ್ತೀನಿ ಮುತ್ಯಾ” ಎನ್ನುತ್ತಾನೆ ಮೊಮ್ಮಗ. ಹೇಳುವುದಿಲ್ಲ. ಈಗೀಗ ಅವರು ಕೇಳುವುದನ್ನೂ ಬಿಟ್ಟು, ಪತ್ರಿಕೆ ಹಿಡಿದುಕೊಂಡು ಒಳಗೆ ಹೋಗುತ್ತಾರೆ. ತೆರೆಯ ಅಡಿಯಲ್ಲಿ ಅಕ್ಷರಗಳೇ ಇಲ್ಲವೆಂದಲ್ಲ. ಇವೆ, ಇಂಗ್ಲಿಷಿನಲ್ಲಿ! ನಾನು ಮನೆಯಲ್ಲಿ ನೋಡಿದ ಹೆಚ್ಚಿನ ಕನ್ನಡ ಚಿತ್ರಗಳ ಪಾಡು ಇದೇ. ನಟ ಕನ್ನಡದಲ್ಲಿ ಆಡಿದ ಮಾತನ್ನು, ಕನ್ನಡ ಓದಬಲ್ಲ ಕನ್ನಡಿಗನು ಇಂಗ್ಲಿಷಿನ ದಾರಿಯಿಂದ ತಿಳಿದುಕೊಳ್ಳಬೇಕು. ಔರಾದ ಕಡೆಯಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ, ಹುಟ್ಟಿನಿಂದ ಕಿವಿ ಕೇಳದ ಹುಡುಗಿಯೊಬ್ಬಳು ಗ್ರಂಥಾಲಯದ ಕಾದಂಬರಿಗಳನ್ನು ಒಂದೊಂದಾಗಿ ಓದಿ ಮುಗಿಸುತ್ತಿದ್ದಳು. ಅದೇ ಕಾದಂಬರಿ ಚಿತ್ರವಾಗಿ ಬಂದರೆ ಅವಳಿಗೆ ಅದು ಪರಭಾಷೆ.

ಇದೇ ಭಾಲ್ಕಿಯಲ್ಲಿ ನಿಜಾಮರ ಆಳಿಕೆಯ ಕಾಲಕ್ಕೆ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಎಷ್ಟು ಸಾರಿ ಕೇಳಿಲ್ಲ! ಇಂದು ಅಡ್ಡಿಮಾಡುವ ನಿಜಾಮನಿಲ್ಲ. ಆದರೂ ಮಾತು ಕನ್ನಡ, ಫಲಕ ಇಂಗ್ಲಿಷ್.

ಮೂಕಚಿತ್ರಗಳ ಕಾಲದಲ್ಲಿ ಕಿವುಡನೂ ಕಿವಿಯುಳ್ಳವನೂ ಸರಿಸಮಾನ ಪ್ರೇಕ್ಷಕರಾಗಿದ್ದರು. ದೃಶ್ಯಗಳ ನಡುವೆ ಬರುತ್ತಿದ್ದ ಬರಹವನ್ನು ಅಕ್ಷರ ಬಲ್ಲವರೆಲ್ಲ ಓದಿಕೊಳ್ಳುತ್ತಿದ್ದರು. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದಲ್ಲಿ ಮಾತಾಡಿತು, ಬರಹ ಹೋಯಿತು. ಅಮೆರಿಕದಲ್ಲಿ ಹೀಗೆ ಹೋದ ಬರಹವನ್ನು ಕಾನೂನು ಮರಳಿ ತಂದಿತು: 1990ರ ಕಾಯಿದೆಯಿಂದಾಗಿ, 1993ರ ನಂತರ ಅಲ್ಲಿ ಮಾರಾಟಕ್ಕೆ ತಯಾರಾದ 13 ಅಂಗುಲ ಹಾಗೂ ಅದಕ್ಕೂ ದೊಡ್ಡ ಟೀವಿಗಳಲ್ಲೆಲ್ಲ ಅಡಿಬರಹ ತೋರಿಸುವ ಸಾಧನ ಇರಲೇಬೇಕಾಯಿತು. ನಮ್ಮಲ್ಲಿಯೂ ಕಾನೂನಿಗೆ ಬರವಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯ 42ನೆಯ ಕಲಮು ವಿದ್ಯುನ್ಮಾನ ಮಾಧ್ಯಮಗಳಲ್ಲಿ ಅಡಿಬರಹದ ಮಾತನ್ನು ಸ್ಪಷ್ಟವಾಗಿಯೇ ಆಡುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟು ‘ಪಠಾನ್’ ಚಿತ್ರದ ಓಟಿಟಿ ಪ್ರತಿಗೆ ಹಿಂದಿಯಲ್ಲಿಯೂ ಅಡಿಬರಹ ಸಿದ್ಧಪಡಿಸುವಂತೆ ಅದರ ನಿರ್ಮಾಪಕರಿಗೆ ಹೇಳಿತು. ಕೇಂದ್ರ ಸರಕಾರ 2024ರ ಮಾರ್ಚಿನಲ್ಲಿ ಹೊರಡಿಸಿದ ಮಾರ್ಗಸೂಚಿ ಚಿತ್ರಮಂದಿರಗಳಿಗೆ ಮಾತ್ರ ಸಂಬಂಧಿಸಿದ್ದು. ಓಟಿಟಿಗಳಿಗಾಗಿ ಕರಡು ಹೊರಬಿದ್ದದ್ದು 2025ರ ಅಕ್ಟೋಬರಿನಲ್ಲಿ. ಹಿಂದಿಯ ಚಿತ್ರಕ್ಕೆ ಹಿಂದಿ ಅಕ್ಷರ ಕೇಳಲು ಕೋರ್ಟಿಗೆ ಹೋದವರಿದ್ದರು. ಕನ್ನಡದ ಹೆಸರಿನಲ್ಲಿ ಬೀದಿಗಿಳಿಯುವ ನಮ್ಮ ಸಂಘಗಳ ಬೇಡಿಕೆಯ ಪಟ್ಟಿಯಲ್ಲಿ ಇದೊಂದನ್ನು ನಾನು ಇನ್ನೂ ಕಂಡಿಲ್ಲ.

ಅಕ್ಷರ ಬಿದ್ದರೆ ಚಿತ್ರದ ಅಂದ ಕೆಡುವುದೆನ್ನುತ್ತಾರೆ. ಇಂಗ್ಲಿಷ್ ಅಕ್ಷರದಿಂದ ಕೆಡದ ಅಂದ ಕನ್ನಡ ಅಕ್ಷರದಿಂದ ಹೇಗೆ ಕೆಟ್ಟೀತು? ಅದೂ ಅಲ್ಲದೆ, ಬೇಡವಾದವರು ಗುಂಡಿಯೊತ್ತಿ ಮರೆಮಾಡಬಹುದಾದ ಅಡಿಬರಹಕ್ಕೇ ಕ್ಲೋಸ್ಡ್ ಕ್ಯಾಪ್ಷನ್ ಎಂದು ಹೆಸರು. ಇನ್ನು ಖರ್ಚಿನ ಮಾತು. ಸಂಭಾಷಣೆಯನ್ನು ಒಬ್ಬ ಲೇಖಕ ಕನ್ನಡದಲ್ಲಿ ಬರೆದೇ ಇರುತ್ತಾನೆ. ಸೆನ್ಸಾರ್ ಮಂಡಲಿಗೂ ಅದರ ಪ್ರತಿ ಹೋಗಿರುತ್ತದೆ. ಉಳಿಯುವುದು, ಅದನ್ನು ಚಿತ್ರದ ವೇಳೆಗೆ ಹೊಂದಿಸಿ, ಮಾತಾಡಿದವರು ಯಾರು, ಕೇಳಿದ ಸದ್ದು ಯಾವುದು ಎಂಬುದನ್ನು ಸೇರಿಸುವ ಕೆಲಸ. ಯಂತ್ರವೇ ಈಗ ಬರೆಯುತ್ತದೆ ಎನ್ನುವವರು ನಮ್ಮ ಬೀದರ ಮಾತನ್ನು ಅದರ ಮುಂದೆ ಹತ್ತು ನಿಮಿಷ ಆಡಿ ನೋಡಲಿ. ಸದ್ದನ್ನು ಬರೆಯುವುದಕ್ಕೆ ಕನ್ನಡಕ್ಕಿರುವಷ್ಟು ಶಕ್ತಿ ಎಷ್ಟು ಭಾಷೆಗಳಿಗಿದೆ? ಬಾಗಿಲು ದಡದಡ ಬಡಿಯುತ್ತದೆ, ಗೆಜ್ಜೆ ಘಲಘಲ ಎನ್ನುತ್ತದೆ, ಮಳೆ ಪಟಪಟ ಬೀಳುತ್ತದೆ. ತರಗತಿಯಲ್ಲಿ ಇವನ್ನು ಅನುಕರಣಾವ್ಯಯಗಳೆಂದು ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಎರಡು ಅಂಕ ಕೊಟ್ಟು ಬಿಟ್ಟುಬಿಡುತ್ತೇವೆ.

ಓದು ಬಾರದ ಕಿವುಡರಿಗೆ ಅಡಿಬರಹ ಸಾಲದು, ಸಂಜ್ಞಾಭಾಷೆಯೇ ಬೇಕು. ಅದು ಬೇರೆಯೇ ಲೇಖನದ ವಿಷಯ. ಓದಬಲ್ಲವರಿಗಾದರೂ ಇಷ್ಟು ನಡೆಯಲಿ: ರಾಜ್ಯ ಸರಕಾರ ಕನ್ನಡ ಚಿತ್ರಗಳಿಗೆ ನಮ್ಮೆಲ್ಲರ ತೆರಿಗೆಯಿಂದ ಸಹಾಯಧನ ಕೊಡುತ್ತದೆ, ಕನ್ನಡ ಅಡಿಬರಹವಿಲ್ಲದೆ ಮನೆಯ ತೆರೆಗೆ ಬರುವ ಚಿತ್ರಕ್ಕೆ ಆ ಹಣ ಇಲ್ಲವೆಂದು ಒಂದು ಸಾಲಿನ ಷರತ್ತು ಹಾಕಲಿ. ಬರೆಯುವವರು ಸಿಗುವುದಿಲ್ಲವೆಂದು ಯಾರಾದರೂ ನೆಪ ಹೇಳಿದರೆ, ಕನ್ನಡ ಎಂ.ಎ. ಮುಗಿಸಿ ನೌಕರಿಗಾಗಿ ಅಲೆಯುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರ ಪಟ್ಟಿಯನ್ನು ನಾನೇ ಕಳಿಸಿಕೊಡುತ್ತೇನೆ.