ಬಿಸಿಲನ್ನ ಬೈಯೋ ಮೊದಲು ಬಾನೆಟ್ ಎತ್ತಿ

ನಮ್ಮ ಕಡೆ ಕಾರು ಕಾದು ನಿಂತರೆ ಮೊದಲು ಬೈಸಿಕೊಳ್ಳೋದು ಬಿಸಿಲು. "ಏನ್ ಮಾಡ್ಲಾಕ ಆಗ್ತದ ರೀ, ಬಿಸಿಲೇ ಹಂಗ ಅದ" ಅಂತ ಎರಡು ಬಾಟಲಿ ನೀರು ಸುರಿದು ಹೊರಟುಬಿಡ್ತೀವಿ. ಬೀದರ್ ಜಿಲ್ಲೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟೋದು ಹೊಸದೇನಲ್ಲ, ನಿಜ. ಆದರೆ ಮಾಣಿಕನಗರದಲ್ಲಿ ದತ್ತ ಜಯಂತಿಯ ಜಾತ್ರೆ ನಡೆಯೋದು ಸ್ವೆಟರ್ ಹಾಕಿಕೊಳ್ಳೋ ಡಿಸೆಂಬರ್ ಹೊತ್ತಿನಲ್ಲಿ. ಆ ಗದ್ದಲದಲ್ಲಿ ಮೊದಲನೇ ಗೇರಿನಲ್ಲಿ ತೆವಳುವ ಹಳೇ ಕಾರಿನ ಸೂಜಿಯೂ ಕೆಂಪು ಗೆರೆಗೆ ಏರಬಹುದು. ಬಿಸಿಲು ಕಾಯಿಲೆಯನ್ನ ಹೊರಗೆ ತೋರಿಸುತ್ತೆ ಅಷ್ಟೆ. ಕಾಯಿಲೆ ಮೊದಲೇ ಇರುತ್ತೆ.

ಇದನ್ನ ಬರೆಯೋಕೆ ಕಾರಣ ಇದೆ. ನಮ್ಮಲ್ಲಿ ಅನೇಕರು ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದೀವಿ. ಊರಲ್ಲಿ ಹಳೇ ಕಾರು ಓಡಿಸೋದು ಅಪ್ಪ. ಮಾರುತಿ 800 ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಅದರಲ್ಲಿ ಅತಿ ಹೊಸದಕ್ಕೂ ಹತ್ತು ವರ್ಷ ದಾಟಿದೆ. ಅವ್ವನನ್ನ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ ಕಾರು ಹೆದ್ದಾರಿ 65ರಲ್ಲಿ, ಮರವೂ ಇಲ್ಲದ ಜಾಗದಲ್ಲಿ ನಿಂತರೆ ನಾವು ಫೋನಿನಲ್ಲಿ ಮಾಡೋದು ಏನೂ ಇರಲ್ಲ.

ಪೆಟ್ರೋಲ್ ಸುಟ್ಟಾಗ ಬರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಮಾತ್ರ ಚಕ್ರದ ಕಡೆಗೆ ಹೋಗುತ್ತೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೋಗುತ್ತೆ. ಉಳಿದದ್ದರಲ್ಲಿ ಹೆಚ್ಚಿನ ಶಾಖವನ್ನ ಇಂಜಿನ್ನಿನಿಂದ ರೇಡಿಯೇಟರಿಗೆ ಹೊತ್ತು ತರೋದು ಕೂಲಂಟ್. ಅದನ್ನ ತಿರುಗಿಸೋದು ವಾಟರ್ ಪಂಪು, ದಾರಿ ತೆರೆಯೋದು ಥರ್ಮೋಸ್ಟಾಟ್, ಗಾಳಿ ಎಳೆಯೋದು ಫ್ಯಾನು.

ಎಲ್ಲಿ ಕಾಯುತ್ತೆ ಅನ್ನೋದೇ ಅರ್ಧ ಉತ್ತರ ಕೊಡುತ್ತೆ. ಜಾತ್ರೆಯಲ್ಲಿ, ಸಿಗ್ನಲ್ಲಿನಲ್ಲಿ ಕಾದು, ಹೆದ್ದಾರಿಗೆ ಬಂದ ಮೇಲೆ ತಣ್ಣಗಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ: ಮೋಟರು, ಫ್ಯೂಸು, ರಿಲೇ, ಸ್ವಿಚ್ಚು. ಓಡುವಾಗ ಎದುರುಗಾಳಿ ಆ ಕೊರತೆಯನ್ನ ಮುಚ್ಚಿಬಿಟ್ಟಿರುತ್ತೆ. ಊರೊಳಗೆ ಸರಿ ಇದ್ದು, ಬಸವಕಲ್ಯಾಣದ ಕಡೆ 80ರಲ್ಲಿ ಓಡುವಾಗ ಕಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಅಥವಾ ಪಂಪು ಸೋತಿರಬಹುದು. ಮಿಸ್ತ್ರಿ ಹತ್ತಿರ "ಗಾಡಿ ಕಾಯ್ತದ" ಅಂತಷ್ಟೇ ಹೇಳಬೇಡಿ. ಎಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತಿಗೆ ಅಂತ ಹೇಳಿ. ಆಫೀಸಿನಲ್ಲಿ ನಾವು ಬಗ್ ರಿಪೋರ್ಟ್ ಕೇಳೋದೂ ಹೀಗೇ ತಾನೆ?

ರೇಡಿಯೇಟರ್ ಯಾಕೆ ಕಟ್ಟಿಕೊಳ್ಳುತ್ತೆ? ಗಡಸು ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಬಿಳಿ ಪದರ ಕೂತಿರುತ್ತೆ. ಅದೇ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಪದರ ಕಟ್ಟುತ್ತೆ, ಜೊತೆಗೆ ತುಕ್ಕು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಹಾಕಿದರೆ ತಪ್ಪಿಲ್ಲ. ಅದನ್ನೇ ವರ್ಷಗಟ್ಟಲೆ ಬಿಡೋದು ತಪ್ಪು. ಕೂಲಂಟಿಗೆ ಬೆರೆಸೋದು ಡಿಸ್ಟಿಲ್ಡ್ ನೀರು, ನಮ್ಮ ಕಡೆ ಬ್ಯಾಟರಿ ನೀರು ಅಂತ ಕೇಳಿದರೆ ಕೊಡ್ತಾರೆ. ಸಾಮಾನ್ಯವಾಗಿ ಅರ್ಧಕ್ಕರ್ಧ, ಬೆರೆಸಿಯೇ ಬರುವ ಕೂಲಂಟ್ ಆದರೆ ನೀರು ಬೇಡ. ಹಳೇ ಮಾದರಿಯ ಕೂಲಂಟನ್ನ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬಣ್ಣ ನೋಡಿ ಕೊಳ್ಳಬೇಡಿ, ಕಾರಿನ ಪುಸ್ತಕದಲ್ಲಿ ಹೇಳಿದ ಬಗೆ ನೋಡಿ.

ಎಲ್ಲರೂ ಮರೆಯೋದು ರೇಡಿಯೇಟರ್ ಮುಚ್ಚಳವನ್ನ. ಅದು ಒಳಗೆ ಒತ್ತಡ ಹಿಡಿದಿಡುತ್ತೆ. ಕುಕ್ಕರಿನ ಲೆಕ್ಕವೇ ಇದು: 0.9 ಬಾರ್ ಒತ್ತಡ ಹಿಡಿಯೋ ಮುಚ್ಚಳ ಇದ್ದರೆ ಬರೀ ನೀರೂ 118 ಡಿಗ್ರಿ ಹತ್ತಿರ ಹೋಗೋವರೆಗೆ ಕುದಿಯಲ್ಲ. ಮುಚ್ಚಳದ ರಬ್ಬರ್ ಒಣಗಿದರೆ, ಸ್ಪ್ರಿಂಗ್ ಸಡಿಲಾದರೆ ಆ ರಕ್ಷಣೆ ಹೋಯ್ತು. ಇಂಜಿನ್ ಕೆಲಸದ ಖರ್ಚಿನ ಮುಂದೆ ಹೊಸ ಮುಚ್ಚಳದ ಬೆಲೆ ಏನೇನೂ ಅಲ್ಲ.

ಇನ್ನೊಂದು ರೂಢಿ: ಬೇಸಿಗೆಗೆ ಅಂತ ಥರ್ಮೋಸ್ಟಾಟ್ ಕಿತ್ತು ಹಾಕಿಸೋದು. ಅದರಿಂದ ಕಟ್ಟಿಕೊಂಡ ರೇಡಿಯೇಟರ್ ಸರಿಹೋಗಲ್ಲ. ಇಂಜಿನ್ ಬೆಚ್ಚಗಾಗೋದು ನಿಧಾನವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತೆ, ಬೇಗ ಸವೆಯುತ್ತೆ. ಕೆಟ್ಟಿದ್ದರೆ ಹೊಸದು ಹಾಕಿಸಿ, ತೆಗೆದು ಬಿಸಾಡಬೇಡಿ.

ಮುಂದಿನ ಸಲ ಊರಿಗೆ ಹೋದಾಗ, ಬೆಳಿಗ್ಗೆ ಕಾರು ಶುರುಮಾಡೋ ಮೊದಲು ಅಪ್ಪನ ಜೊತೆ ನಿಂತು ಇಷ್ಟು ನೋಡಿ:

• ರಿಸರ್ವ್ ಟ್ಯಾಂಕಿನ ಮಟ್ಟ ಎರಡು ಗೆರೆ ನಡುವೆ ಇದೆಯಾ? ಪದೇಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ.
• ಹೋಸುಗಳನ್ನ ಅಮುಕಿ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ.
• ಕೂಲಂಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು.
• ಆಯಿಲ್ ಮುಚ್ಚಳದ ಒಳಗೆ ಹಾಲು ಚಹಾ ಬಣ್ಣದ ಜಿಡ್ಡು ಇದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.
• ಆಮೇಲೆ ಎಸಿ ಹಾಕದೆ, ನಿಂತಲ್ಲೇ ಇಂಜಿನ್ ಓಡಿಸಿ. ಚೆನ್ನಾಗಿ ಬಿಸಿಯಾದ ಮೇಲೆ ಫ್ಯಾನು ತಾನಾಗಿ ತಿರುಗಬೇಕು.

ದಾರಿಯಲ್ಲಿ ಸೂಜಿ ಏರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆ ಆದರೂ ಅಷ್ಟು ಶಾಖ ಇಂಜಿನ್ನಿನಿಂದ ಹೊರಬರುತ್ತೆ. ಆದರೂ ಇಳಿಯದಿದ್ದರೆ, ಆವಿ ಕಂಡರೆ, ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಿ. "ಇನ್ನ ಎರಡೇ ಕಿಲೋಮೀಟರ್ ಅದ, ಮುಟ್ಟಿಬಿಡೋಣ" ಅನ್ನೋ ಮಾತಿನಿಂದಲೇ ಹೆಡ್ ಬಾಗೋದು. ಆವಿ ಬಂದ ಮೇಲೆ ಸೂಜಿ ಕೆಳಗಿಳಿದರೆ ಖುಷಿಪಡಬೇಡಿ. ಕೂಲಂಟ್ ಪೂರ್ತಿ ಖಾಲಿಯಾಗಿ ಸೆನ್ಸರಿಗೆ ಏನೂ ತಾಗದೆ ಇಳಿದಿರಬಹುದು. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ. ಮೇಲಿನ ಹೋಸು ಕೈಗೆ ತಣ್ಣಗೆ ಹತ್ತೋವರೆಗೆ ಕಾಯಿರಿ. ಬಿಸಿ ಇಂಜಿನ್ನಿನ ಮೇಲೆ ತಣ್ಣೀರು ಸುರಿಯಲೂಬೇಡಿ, ಬಿರುಕು ಬಿಡಬಹುದು.

ಕೊನೆಯದಾಗಿ, ತೆಗೆದ ಹಳೇ ಕೂಲಂಟನ್ನ ಅಂಗಳದಲ್ಲಿ, ಚರಂಡಿಯಲ್ಲಿ ಚೆಲ್ಲಬೇಡಿ. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ದನ, ಮಕ್ಕಳಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಡಬ್ಬಿಗೆ ತುಂಬಿ, ಹೆಸರು ಬರೆದು, ತೆಗೆದುಕೊಳ್ಳೋ ಗ್ಯಾರೇಜಿಗೆ ಕೊಟ್ಟು ಬನ್ನಿ.