ಅಟ್ಟದ ಕಾಯಿ, ಜಾಲದ ನಾಣ್ಯ: ಒತ್ತೆ ಸಾಲದ ಎರಡು ಲೆಕ್ಕ

ತಿಪಟೂರು: ಎರಡೇ ವರ್ಷಗಳ ಅಂತರದಲ್ಲಿ ಉಂಡೆ ಕೊಬ್ಬರಿಯ ಧಾರಣೆ ಪಾತಾಳವನ್ನೂ ಕಂಡಿದೆ, ಆಕಾಶವನ್ನೂ ಕಂಡಿದೆ. 2023ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿದ್ದರೂ ತಿಪಟೂರು ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಬೆಲೆ ಎಂಟು ಸಾವಿರಕ್ಕಿಂತ ಕೆಳಗಿಳಿದಿತ್ತು. 2025ರ ಮಧ್ಯಭಾಗದಲ್ಲಿ ಅದೇ ಮಾರುಕಟ್ಟೆಯಲ್ಲಿ ಅದು 25 ಸಾವಿರ ರೂಪಾಯಿಗಳನ್ನು ದಾಟಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಏರಿಳಿತದ ಲಾಭ ದಕ್ಕುವುದು ಬೆಲೆ ಬರುವ ತನಕ ಮಾಲು ಇಟ್ಟುಕೊಂಡು ಕಾಯಬಲ್ಲವರಿಗೆ. ಕಾಯಬೇಕಾದರೆ ಮನೆ ಖರ್ಚಿಗೆ ಕೈಯಲ್ಲಿ ಹಣವಿರಬೇಕು. ಹಣವಿಲ್ಲದವನಿಗೆ ಸಾಲ ಸಿಗಬೇಕು.

ಮಾರದೆ ಇಟ್ಟುಕೊಂಡು, ಇಟ್ಟಿದ್ದರ ಮೇಲೆ ಸಾಲ ಪಡೆಯುವ ಈ ಹಳೆಯ ವ್ಯವಹಾರಕ್ಕೆ ಈಗ ಅಂತರ್ಜಾಲದಲ್ಲಿ ಹೊಸದೊಂದು ರೂಪ ಬಂದಿದೆ. ಬಿಟ್‌ಕಾಯಿನ್, ಈಥರ್ ಮುಂತಾದ ಕ್ರಿಪ್ಟೊ ನಾಣ್ಯಗಳನ್ನು ಒತ್ತೆಯಿಟ್ಟು, ಬ್ಯಾಂಕಿನ ಮಧ್ಯಸ್ಥಿಕೆಯಿಲ್ಲದೆ ಸಾಲ ಪಡೆಯುವ ಮತ್ತು ಕೊಡುವ ವ್ಯವಸ್ಥೆ ಅದು. ವಿಕೇಂದ್ರೀಕೃತ ಹಣಕಾಸು, ಚಿಕ್ಕದಾಗಿ ಡಿಫೈ, ಎಂಬುದು ಅದರ ಹೆಸರು. ಮೊಬೈಲ್ ಫೋನಿನಲ್ಲೇ ಸಿಗುವ ಈ ವ್ಯವಸ್ಥೆ ತೆಂಗಿನ ಸೀಮೆಯ ಒತ್ತೆ ಸಾಲಕ್ಕಿಂತ ಎಷ್ಟು ಭಿನ್ನ? ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಲಗಾರನಿಗೆ ನಿಜವಾಗಿ ಬೇಕಾದದ್ದು ಏನೆಂಬುದು ಸ್ಪಷ್ಟವಾಗುತ್ತದೆ.

ಹತ್ತು ತಿಂಗಳ ಕಾಯುವಿಕೆ

ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯನ್ನು ಹೊರತೆಗೆದು ಮಾರುಕಟ್ಟೆಗೆ ತರಬೇಕು. ವರ್ಷದ ಬಹುಭಾಗ ಬೆಳೆಗಾರನ ಸಂಪತ್ತೆಲ್ಲ ಅಟ್ಟದಲ್ಲೇ ಕುಳಿತಿರುತ್ತದೆ. ಮದುವೆ, ಶಾಲಾ ಶುಲ್ಕ, ಆಸ್ಪತ್ರೆ, ಕೊಳವೆಬಾವಿ ಮಾತ್ರ ಅಷ್ಟು ದಿನ ಕಾಯುವುದಿಲ್ಲ.

ಈ ಅಂತರವನ್ನು ತುಂಬಲು ಇರುವ ದಾರಿಗಳು ಕೆಲವು. ಸಹಕಾರ ಸಂಘದ ಬೆಳೆ ಸಾಲ ಒಂದು. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿಸಿತು. ಆದರೆ ಈ ಸಾಲಕ್ಕೆ ಪಹಣಿಯೇ ಆಧಾರ. ಗುತ್ತಿಗೆಗೆ ತೋಟ ನೋಡಿಕೊಳ್ಳುವವರಿಗೆ, ಹೆಸರಿಗೆ ಜಮೀನಿಲ್ಲದ ಮಹಿಳೆಯರಿಗೆ, ಅಣ್ಣತಮ್ಮಂದಿರಲ್ಲಿ ಖಾತೆ ಬದಲಾಗದವರಿಗೆ ಅದು ಸುಲಭವಲ್ಲ. ಚಿನ್ನದ ಸಾಲ ಇನ್ನೊಂದು ದಾರಿ. ಮೂರನೆಯದು ಮಂಡಿಯ ಮುಂಗಡ. ವರ್ತಕನು ಕಾಗದಪತ್ರ ಕೇಳದೆ ಹಣ ಕೊಡುತ್ತಾನೆ. ಕೊಬ್ಬರಿ ತನ್ನ ಅಂಗಡಿಗೇ ಬರಬೇಕೆಂಬುದು ಅಲ್ಲಿನ ಅಲಿಖಿತ ಷರತ್ತು. ಹಣ ಬೇಗ ಸಿಗುತ್ತದೆ, ಆದರೆ ಯಾರಿಗೆ, ಯಾವಾಗ ಮಾರಬೇಕೆಂಬ ಸ್ವಾತಂತ್ರ್ಯ ಕುಗ್ಗುತ್ತದೆ.

ಯಂತ್ರ ಕೊಡುವ ಸಾಲ

ಡಿಫೈ ಸಾಲದಲ್ಲಿ ವರ್ತಕನೂ ಇಲ್ಲ, ವ್ಯವಸ್ಥಾಪಕನೂ ಇಲ್ಲ. ಇಥೀರಿಯಂನಂಥ ಬ್ಲಾಕ್‌ಚೈನ್ ಜಾಲದ ಮೇಲೆ ಬರೆದಿಟ್ಟ ಕರಾರುಗಳು ತಮ್ಮಷ್ಟಕ್ಕೆ ತಾವೇ ಜಾರಿಯಾಗುತ್ತವೆ. 2017ರ ಡಿಸೆಂಬರ್‌ನಲ್ಲಿ ‘ಡಾಯ್’ ಎಂಬ ನಾಣ್ಯವನ್ನು ಹೊರತಂದ ಮೇಕರ್‌ಡಾವೊ, 2018ರಲ್ಲಿ ಬಂದ ಕಾಂಪೌಂಡ್, 2020ರಲ್ಲಿ ಈಗಿನ ರೂಪ ತಳೆದ ಆವೆ ಇವು ಈ ಕ್ಷೇತ್ರದ ಪ್ರಮುಖ ಹೆಸರುಗಳು.

ಕೆಲಸ ನಡೆಯುವ ಬಗೆ ಸರಳ. ನಾಣ್ಯವಿರುವವರು ಅದನ್ನು ಒಂದು ಸಾಮಾನ್ಯ ನಿಧಿಗೆ ಹಾಕುತ್ತಾರೆ. ಬೇಕಾದವರು ತಮ್ಮ ಬೇರೊಂದು ನಾಣ್ಯವನ್ನು ಒತ್ತೆಯಿಟ್ಟು ಆ ನಿಧಿಯಿಂದ ಸಾಲ ಪಡೆಯುತ್ತಾರೆ. ನಿಧಿಯಲ್ಲಿ ಎಷ್ಟು ಭಾಗ ಸಾಲವಾಗಿ ಹೋಗಿದೆ ಎಂಬುದರ ಮೇಲೆ ಬಡ್ಡಿ ತಾನಾಗಿ ಏರುತ್ತದೆ, ಇಳಿಯುತ್ತದೆ. ಅರ್ಜಿ ಇಲ್ಲ, ಜಾಮೀನುದಾರರಿಲ್ಲ, ಪಹಣಿ ಇಲ್ಲ. ಸಾಲ ಕೇಳುವವರ ಜಾತಿ, ಊರು, ಲಿಂಗ, ಹಿಂದಿನ ಬಾಕಿ ಯಾವುದನ್ನೂ ಯಂತ್ರ ವಿಚಾರಿಸುವುದಿಲ್ಲ. ಪ್ರತಿಯೊಂದು ಒತ್ತೆ, ಪ್ರತಿಯೊಂದು ಸಾಲ ಎಲ್ಲರ ಕಣ್ಣೆದುರಿಗೆ ದಾಖಲಾಗಿರುತ್ತದೆ.

ವಿಚಾರಿಸದಿರುವುದಕ್ಕೆ ಕಾರಣವೂ ಇದೆ. ಸಾಲಕ್ಕಿಂತ ಒತ್ತೆಯ ಮೌಲ್ಯ ಸದಾ ಹೆಚ್ಚಿರಬೇಕು. ನೂರು ರೂಪಾಯಿ ಮೌಲ್ಯದ ನಾಣ್ಯವಿಟ್ಟವನಿಗೆ ಎಪ್ಪತ್ತೋ ಎಂಬತ್ತೋ ಸಿಕ್ಕೀತು, ಅಷ್ಟೆ. ಹೀಗಾಗಿ ಇದು ಇದ್ದವನಿಗೆ ಸಿಗುವ ಸಾಲವೇ ಹೊರತು ಇಲ್ಲದವನಿಗೆ ಸಿಗುವ ಸಾಲವಲ್ಲ. ಬ್ಯಾಂಕ್ ಮುಟ್ಟದ ಬಡವನನ್ನು ಡಿಫೈ ತಲುಪುತ್ತದೆ ಎಂಬ ಪ್ರಚಾರ ಇಲ್ಲಿಯೇ ಸಡಿಲವಾಗುತ್ತದೆ.

ಕೊಬ್ಬರಿಗೆ ಅನ್ವಯಿಸಿದರೆ

ಒತ್ತೆಯ ಬೆಲೆ ನಿಗದಿತ ಮಿತಿಗಿಂತ ಇಳಿದರೆ ಯಂತ್ರ ನೋಟಿಸ್ ಕೊಡುವುದಿಲ್ಲ. ಯಾರು ಬೇಕಾದರೂ ಸಾಲದ ಒಂದು ಭಾಗವನ್ನು ತೀರಿಸಿ, ಅದಕ್ಕೆ ಪ್ರತಿಯಾಗಿ ಒತ್ತೆಯನ್ನು ರಿಯಾಯಿತಿ ದರದಲ್ಲಿ ಕೊಂಡೊಯ್ಯಬಹುದು. ಇದನ್ನೇ ಕಸುಬಾಗಿಸಿಕೊಂಡ ಕಂಪ್ಯೂಟರ್ ಪ್ರೋಗ್ರಾಮುಗಳು ಹಗಲೂ ರಾತ್ರಿ ಕಾದು ಕುಳಿತಿರುತ್ತವೆ.

ಒಂದು ಉದಾಹರಣೆಯ ಲೆಕ್ಕ ನೋಡಬಹುದು. ಕ್ವಿಂಟಲ್‌ಗೆ 16 ಸಾವಿರ ರೂಪಾಯಿ ಇದ್ದಾಗ ಬೆಳೆಗಾರನೊಬ್ಬ ಹತ್ತು ಕ್ವಿಂಟಲ್ ಉಂಡೆ ಕೊಬ್ಬರಿ ಒತ್ತೆಯಿಟ್ಟು 1.10 ಲಕ್ಷ ರೂಪಾಯಿ ಸಾಲ ಪಡೆದನೆಂದುಕೊಳ್ಳೋಣ. ಸಾಲವು ಒತ್ತೆಯ ಮೌಲ್ಯದ ಶೇ 80 ದಾಟಿದರೆ ಮಾರಾಟ ಎಂಬುದು ಷರತ್ತು. ಬಡ್ಡಿಯನ್ನು ಬದಿಗಿಟ್ಟರೂ ಧಾರಣೆ 13,750ಕ್ಕೆ ಇಳಿದ ಕ್ಷಣವೇ ಆ ಗೆರೆ ಮುಟ್ಟುತ್ತದೆ. ಅಂದು ಹಬ್ಬವಿರಲಿ, ರಜೆಯಿರಲಿ, ಮರುದಿನವೇ ಬೆಲೆ ಚೇತರಿಸಿಕೊಳ್ಳಲಿ, ಮಾಲು ಕೈಬಿಟ್ಟಿರುತ್ತದೆ. ಬ್ಯಾಂಕಿನ ಚಿನ್ನದ ಸಾಲದಲ್ಲಾದರೆ ಹರಾಜಿಗೆ ಮುನ್ನ ನೋಟಿಸ್ ಬರುತ್ತದೆ, ಬಡ್ಡಿ ಕಟ್ಟಿ ಮುಂದೂಡಲು ಅವಕಾಶವಿರುತ್ತದೆ. ಮಂಡಿಯವನಾದರೂ ‘ಮುಂದಿನ ಹರಾಜಿಗೆ ನೋಡೋಣ’ ಎಂದಾನು.

ಹಾಗೆಂದು ಯಂತ್ರವನ್ನು ಕ್ರೂರಿ ಎಂದು ಕರೆದರೆ ಸಾಲ ಕೊಟ್ಟವನಿಗೆ ಅನ್ಯಾಯವಾಗುತ್ತದೆ. ಬೆಲೆ ಎಂಟು ಸಾವಿರಕ್ಕೆ ಕುಸಿಯುವವರೆಗೆ ಕಾದಿದ್ದರೆ ಆ ಹತ್ತು ಕ್ವಿಂಟಲ್‌ನ ಬೆಲೆ 80 ಸಾವಿರ ಮಾತ್ರ. ಉಳಿದ 30 ಸಾವಿರ ನಿಧಿಗೆ ಹಣ ಹಾಕಿದವರ ತಲೆಗೆ ಬರುತ್ತಿತ್ತು. ಸಾಲಗಾರನ ಗುರುತೇ ಇಲ್ಲದ ವ್ಯವಸ್ಥೆಗೆ ಬೆನ್ನಟ್ಟಿ ವಸೂಲು ಮಾಡುವ ದಾರಿಯಿಲ್ಲ. ಆದ್ದರಿಂದ ಅದು ಸಮಯ ಕೊಡುವುದಿಲ್ಲ. ಪರಿಚಯ ಬೇಡವೆಂದರೆ ಅದಕ್ಕೆ ತೆರುವ ಬೆಲೆ ಇದು.

ಕೂಗುವವರಿಲ್ಲದ ಹರಾಜು

ಬೇಗನೆ ಮಾರಿದರೂ ನ್ಯಾಯವಾದ ಬೆಲೆ ಸಿಗುತ್ತದೆಂಬ ಖಾತರಿಯಿಲ್ಲ. ಕೊರೋನಾ ಭೀತಿ ಜಗತ್ತಿನ ಮಾರುಕಟ್ಟೆಗಳನ್ನು ಅಲುಗಿಸಿದ 2020ರ ಮಾರ್ಚ್ 12ರಂದು ಈಥರ್ ಬೆಲೆ ಒಂದೇ ದಿನ ಶೇ 40ಕ್ಕೂ ಹೆಚ್ಚು ಬಿತ್ತು. ಜಾಲದಲ್ಲಿ ದಟ್ಟಣೆ ಉಂಟಾಗಿ, ಹರಾಜಿನಲ್ಲಿ ಭಾಗವಹಿಸಬೇಕಾದ ಬಹುತೇಕ ಪ್ರೋಗ್ರಾಮುಗಳು ಸ್ತಬ್ಧವಾದವು. ಮೇಕರ್‌ಡಾವೊದ ಹಲವು ಹರಾಜುಗಳಲ್ಲಿ ಸ್ಪರ್ಧೆಯೇ ಇಲ್ಲದೆ ಕೆಲವರು ಸೊನ್ನೆ ಬೆಲೆ ಕೂಗಿ ಸುಮಾರು 80 ಲಕ್ಷ ಡಾಲರ್ ಮೌಲ್ಯದ ಈಥರ್ ಕೊಂಡೊಯ್ದರು. ಖರೀದಿದಾರರು ಕೈಕಟ್ಟಿ ಕುಳಿತ ದಿನ ಧಾರಣೆ ಏನಾಗುತ್ತದೆ ಎಂಬುದನ್ನು ತಿಪಟೂರು ಮಾರುಕಟ್ಟೆಗೆ ಯಾರೂ ಹೇಳಿಕೊಡಬೇಕಿಲ್ಲ.

ಬೆಲೆಯನ್ನು ಯಂತ್ರಕ್ಕೆ ತಿಳಿಸುವ ಕೊಂಡಿಯೂ ಇನ್ನೊಂದು ದುರ್ಬಲ ಸ್ಥಾನ. 2020ರ ನವೆಂಬರ್‌ನಲ್ಲಿ ಒಂದೇ ವಿನಿಮಯ ಕೇಂದ್ರದಲ್ಲಿ ಡಾಯ್ ಬೆಲೆ ಕ್ಷಣಕಾಲ 1.30 ಡಾಲರ್‌ಗೆ ಜಿಗಿದದ್ದೇ ಕಾಂಪೌಂಡ್‌ನಲ್ಲಿ ಸುಮಾರು ಒಂಬತ್ತು ಕೋಟಿ ಡಾಲರ್ ಒತ್ತೆಯ ಮಾರಾಟಕ್ಕೆ ಕಾರಣವಾಯಿತು. 2022ರ ಅಕ್ಟೋಬರ್‌ನಲ್ಲಿ ಮ್ಯಾಂಗೊ ಮಾರ್ಕೆಟ್ಸ್ ಎಂಬಲ್ಲಿ ನಾಣ್ಯವೊಂದರ ಬೆಲೆಯನ್ನು ಕೃತಕವಾಗಿ ಉಬ್ಬಿಸಿ, ಆ ಉಬ್ಬಿದ ಒತ್ತೆಯ ಮೇಲೆ 11 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಲಾಯಿತು. ಕರಾರು ಚಾಚೂ ತಪ್ಪದೆ ಜಾರಿಯಾಯಿತು. ಬೆಲೆ ಮಾತ್ರ ಸುಳ್ಳಾಗಿತ್ತು.

ಬೆಂಗಳೂರಿನ ಪ್ರಕರಣ

ನಗರದ ಹೂಡಿಕೆದಾರರು ಗಮನಿಸಬೇಕಾದ ವ್ಯತ್ಯಾಸ ಇನ್ನೊಂದಿದೆ. ‘ಕ್ರಿಪ್ಟೊ ಠೇವಣಿಗೆ ಬಡ್ಡಿ’ ಎನ್ನುವುದೆಲ್ಲ ಡಿಫೈ ಅಲ್ಲ. ಎಷ್ಟೋ ಸಂದರ್ಭದಲ್ಲಿ ನಾಣ್ಯ ಹೋಗುವುದು ಒಂದು ಕಂಪನಿಯ ಕೈಗೆ. ಸಿಂಗಪುರದಲ್ಲಿ ನೆಲೆ, ಭಾರತದಲ್ಲಿ ಬಹುಪಾಲು ಸಿಬ್ಬಂದಿ ಹೊಂದಿದ್ದ ವಾಲ್ಡ್ ಅಂಥದ್ದೇ ಒಂದು ಸಾಲ ವೇದಿಕೆ. ಡಾಲರ್ ಬೆಲೆಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್‌ಗಳಿಗೆ ಅದು ಶೇ 12 ದಾಟುವ ಬಡ್ಡಿಯ ಆಸೆ ತೋರಿಸಿತ್ತು. 2022ರ ಜುಲೈ 4ರಂದು ಹಣ ಹಿಂಪಡೆಯುವುದನ್ನು ಸ್ಥಗಿತಗೊಳಿಸಿತು. ಆಗ ಅದು ತೀರಿಸಬೇಕಿದ್ದದ್ದು ಸುಮಾರು 40 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಸಣ್ಣ ಠೇವಣಿದಾರರದ್ದು. ಮರುತಿಂಗಳು ಜಾರಿ ನಿರ್ದೇಶನಾಲಯವು ಸಾಲ ಆ್ಯಪ್‌ಗಳ ಹಣ ವರ್ಗಾವಣೆಯ ತನಿಖೆಯಲ್ಲಿ, ವಾಲ್ಡ್‌ನ ಭಾರತೀಯ ಅಂಗವಾದ ಬೆಂಗಳೂರಿನ ಫ್ಲಿಪ್‌ವೋಲ್ಟ್‌ನಲ್ಲಿ ಬೇರೊಂದು ಕಂಪನಿ ಇರಿಸಿದ್ದ 370 ಕೋಟಿ ರೂಪಾಯಿ ಆಸ್ತಿಯನ್ನು ತಡೆಹಿಡಿಯಿತು.

ಅಮೆರಿಕದ ಸೆಲ್ಸಿಯಸ್ ಕಂಪನಿಯೂ ಅದೇ ಜುಲೈನಲ್ಲಿ ದಿವಾಳಿಯಾಯಿತು. ಅದರ ಸಂಸ್ಥಾಪಕನಿಗೆ 2025ರ ಮೇ ತಿಂಗಳಲ್ಲಿ 12 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅಷ್ಟರಲ್ಲಿ ಆವೆ, ಕಾಂಪೌಂಡ್‌ಗಳಂಥ ವೇದಿಕೆಗಳು ತಮ್ಮ ಕರಾರಿನಂತೆ ಒತ್ತೆ ಮಾರಿ ಬದುಕುಳಿದವೆಂಬುದನ್ನೂ ಹೇಳಲೇಬೇಕು. ಅಲ್ಲಿ ಲೆಕ್ಕ ಬಹಿರಂಗವಿತ್ತು, ಕಂಪನಿಗಳಲ್ಲಿ ಮುಚ್ಚಿಡಲಾಗಿತ್ತು.

ಕಾನೂನಿನ ಆಸರೆ ಎಷ್ಟು?

2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. ಈ ನಡುವೆ, 2018ರ ಅಕ್ಟೋಬರ್‌ನಲ್ಲಿ, ತುಮಕೂರಿನ ನಂಟುಳ್ಳ ಯುನೊಕಾಯಿನ್ ಕಂಪನಿ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟಿದ್ದ ಕ್ರಿಪ್ಟೊ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡಿದ್ದರು. 2022ರ ಹಣಕಾಸು ಕಾಯ್ದೆ ಲಾಭಕ್ಕೆ ಶೇ 30ರ ತೆರಿಗೆ, ವರ್ಗಾವಣೆಗೆ ಶೇ 1ರ ಮೂಲದಲ್ಲೇ ಕಡಿತ ವಿಧಿಸಿತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ತೆಂಗು ಬೆಳೆಗಾರರಿಗೆ ಈ ವ್ಯತ್ಯಾಸ ದೊಡ್ಡದು.

ತೆರಿಗೆ ಕಟ್ಟಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಬ್ಯಾಂಕ್ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ, ಡಿಫೈ ನಿಧಿಗಿಲ್ಲ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ಮನೆ ಬಾಗಿಲಿಗೆ ಬರುವ ವಸೂಲಿಗಾರನನ್ನು ತಡೆಯಬಹುದು. ಮಧ್ಯರಾತ್ರಿ ಒತ್ತೆ ಮಾರಿದ ಯಂತ್ರವನ್ನು ಯಾವ ಠಾಣೆಗೂ ಕರೆಸಲಾಗದು.

ಕಲಿಯಬೇಕಾದದ್ದು

ಡಿಫೈನಲ್ಲಿ ಒಳ್ಳೆಯದೆಂದು ಎತ್ತಿಕೊಳ್ಳಬಹುದಾದದ್ದು ಅದರ ನಾಣ್ಯವಲ್ಲ, ಅದರ ದಾಖಲೆ. ಒತ್ತೆ ಎಷ್ಟು, ಸಾಲ ಎಷ್ಟು, ಷರತ್ತು ಏನು ಎಂಬುದು ತೆರೆದಿರಬೇಕು, ಎಲ್ಲರಿಗೂ ಒಂದೇ ಇರಬೇಕು. ಇದಕ್ಕೆ ಕ್ರಿಪ್ಟೊ ಬೇಕಿಲ್ಲ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ 2007ರಲ್ಲೇ ಬಂದಿದೆ. ನೋಂದಾಯಿತ ಉಗ್ರಾಣದಲ್ಲಿಟ್ಟ ಉತ್ಪನ್ನಕ್ಕೆ ಕೊಡುವ ವಿದ್ಯುನ್ಮಾನ ರಸೀದಿ 2017ರಲ್ಲಿ ಜಾರಿಗೆ ಬಂದಿತು. ಆ ರಸೀದಿ ಒತ್ತೆಯಿಟ್ಟುಕೊಂಡು ಸಾಲ ನೀಡುವ ಬ್ಯಾಂಕುಗಳಿಗಾಗಿ ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ 1,000 ಕೋಟಿ ರೂಪಾಯಿಗಳ ಖಾತರಿ ನಿಧಿಯನ್ನೂ ಪ್ರಕಟಿಸಿತು.

ಆದರೆ ತೆಂಗಿನ ಸೀಮೆಯ ತೊಡಕು ಬೇರೆ. ಉಗ್ರಾಣ ಒಪ್ಪುವುದು ಒಣಗಿ, ಒಡೆದು, ತೂಗಿದ ಮಾಲನ್ನು. ಸಾಲ ಬೇಕಾಗುವುದು ಕಾಯಿ ಇನ್ನೂ ಅಟ್ಟದಲ್ಲಿರುವಾಗ. ಎಷ್ಟು ಕಾಯಿ ಉಂಡೆಯಾಗಿ ಇಳಿದಾವು, ಎಷ್ಟು ಕೊಳೆತಾವು ಎಂದು ಸುಲಿಯುವ ಮುನ್ನ ಯಾವ ಯಂತ್ರವೂ ಹೇಳಲಾರದು. ಅದನ್ನು ಅಂದಾಜಿಸಬಲ್ಲವರು ಊರಿನ ಸಂಘದವರು, ನೆರೆಯವರು, ಮಂಡಿಯವರು. ಇವರ ಪೈಕಿ ಮಂಡಿಯವರು ಮಾತ್ರ ಆ ಅಂದಾಜಿನ ಮೇಲೆ ಹಣ ಕೊಡಲು ಮುಂದಾಗುತ್ತಿರುವುದರಿಂದಲೇ ಬೆಳೆಗಾರ ಅವರ ಬಾಗಿಲಿಗೆ ಹೋಗುತ್ತಾನೆ. ಸಹಕಾರ ಸಂಘಗಳು ಅಟ್ಟದ ದಾಸ್ತಾನನ್ನು ಪರಿಶೀಲಿಸಿ ಸಣ್ಣ ಮೊತ್ತದ ಸಾಲ ಕೊಟ್ಟು, ಕೊಬ್ಬರಿಯಾದ ಮೇಲೆ ಅದನ್ನು ಉಗ್ರಾಣ ರಸೀದಿಗೆ ವರ್ಗಾಯಿಸುವ ಏರ್ಪಾಡು ಮಾಡಿದರೆ ಈ ಕೊಂಡಿ ಕೂಡುತ್ತದೆ.

2026ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,500 ರೂಪಾಯಿ. ಬೆಲೆ ಏರಿದ ಕಾಲದಲ್ಲಿ ಆ ಅಂಕಿ ಯಾರಿಗೂ ನೆನಪಾಗುವುದಿಲ್ಲ. ಇಳಿದಾಗ ಅದಕ್ಕಾಗಿ ಸಾಲು ನಿಲ್ಲಬೇಕಾಗುತ್ತದೆ. ಒಳ್ಳೆಯ ಧಾರಣೆಯ ಹಣವನ್ನು ಹೆಚ್ಚು ಬಡ್ಡಿಯ ಆಸೆಗೆ ಜಾಲದ ನಿಧಿಗೆ ಹಾಕುವ ಮುನ್ನ ಹೂಡಿಕೆದಾರರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಲೆ ಬಿದ್ದ ದಿನ ನನಗೆ ಎಷ್ಟು ಸಮಯ ಸಿಗುತ್ತದೆ, ಮತ್ತು ಯಾರನ್ನು ಕೇಳಬಹುದು? ಹತ್ತು ತಿಂಗಳು ಕಾದು ಕೊಬ್ಬರಿ ಮಾಡುವ ಸೀಮೆಗೆ ಹತ್ತು ನಿಮಿಷವೂ ಕಾಯದ ಸಾಲ ಒಗ್ಗುವುದು ಕಷ್ಟ.